ಸೈಕಲ್ ಒಳಗೆ, ಅಧ್ಯಕ್ಷರು ಮೇಲೆ

ವಿಜಯಪುರ ಕಡೆಯ ಒಂದು ಸೈಕಲ್ ಸಂಘಕ್ಕೆ ಹೊಸ ಗಾಡಿ ಬೇಕಾಗಿತ್ತು. ಸೈಕಲ್‌ಗಳು ಒಳಗೇ ಹಿಡಿಸುವಂಥ ಉದ್ದನೆಯ ವ್ಯಾನ್ ತಗೊಳ್ಳೋಣ ಎಂದ ಸಂಘದ ಡ್ರೈವರ್. ಅಧ್ಯಕ್ಷ ಶಿವಪುತ್ರಪ್ಪನವರ ಕಣ್ಣು ಮಾತ್ರ ಮೆತ್ತನೆ ಸೀಟಿನ ಕರೀ ಕಾರಿನ ಮೇಲಿತ್ತು.

"ಸೈಕಲ್ ಕಾರಿನ ಮ್ಯಾಲ ಕಟ್ಟು. ಹಗ್ಗ ಐತಲ್ಲ? ನಾಳೆ ಆ ಕಾರು ಟ್ರಯಲ್‌ಗೆ ತಗೊಂಡು ಬಾ" ಎಂದರು.

ಮರುದಿನ ಕಾರು ಅವರ ಮನೆ ಮುಂದೆ ನಿಂತಿತ್ತು. ಡ್ರೈವರ್ ತನ್ನ ಸೀಟೊಂದು ಬಿಟ್ಟು ಉಳಿದವನ್ನು ಮಡಚಿ ಸೈಕಲ್‌ಗಳನ್ನೆಲ್ಲ ಒಳಗೆ ತುಂಬಿದ್ದ. ಪಕ್ಕದಲ್ಲಿ ಒಂದು ಏಣಿ. ಅವನ ಒಂದು ಕೈಯಲ್ಲಿ ಹೂವಿನ ಹಾರ, ಇನ್ನೊಂದರಲ್ಲಿ ಹಗ್ಗ.

"ನಾ ಎಲ್ಲಿ ಕೂಡ್ಲೋ?"

"ಮ್ಯಾಲ ರೀ. ಮಂದಿ ಅಧ್ಯಕ್ಷರನ್ನ ನೋಡ್ಲಿ."

"ಬಿದ್ರ?"

"ಹಗ್ಗ ಐತಲ್ರೀ. ಹೋದ ವರ್ಷ ಹಳೇ ಗಾಡಿ ಮ್ಯಾಲ ನಮ್ಮ ಸಂಘದ ಹುಡುಗಿ ದಾನಮ್ಮನ ಸೈಕಲ್‌ಗೂ ಕಟ್ಟಿದ್ದೆ. ರೇಸಿಗೆ ಹೋಗೂ ದಾರ್ಯಾಗ ಬಿತ್ತು. ನಿಮಗ ಇನ್ನೊಂದು ಸುತ್ತು ಬಿಗೀತೀನಿ."

ಶಿವಪುತ್ರಪ್ಪನವರು ಕಾರಿಗೆ ಒಂದು ಸುತ್ತು ಬಂದರು. ಏಣಿ ನೋಡಿದರು. ಹಗ್ಗ ನೋಡಿದರು. "ವ್ಯಾನೇ ತಗೊಳ್ಳೂಣು" ಎಂದರು. ಆಮೇಲೆ ಮೆಲ್ಲಗೆ ಕೇಳಿದರು, "ಅವತ್ತು ಆ ಹುಡುಗಿ ಏನಂದ್ಳು?"

"ಏನೂ ಅನ್ಲಿಲ್ರೀ. ಮುರಿದ ಚಕ್ರ ಬಗಲಾಗ ಹಿಡ್ಕೊಂಡು, ಗೆದ್ದವರಿಗೆ ಚಪ್ಪಾಳಿ ತಟ್ಟಿದ್ಳು."