ವ್ಯಾಪಾರಿಯ ಪುಕ್ಕಟೆ ಆಳು

ಕಳೆದ ಕಾರ್ತಿಕದ ಎರಡನೆಯ ಸೋಮವಾರ, ಬೆಳಗಿನ ಪಾಠ ಮುಗಿದ ಮೇಲೆ, ಶಿಷ್ಯ ರೇವಣಯ್ಯ ಗುರುಗಳನ್ನು ಕೇಳಿದ: "ನನ್ನ ತಾಯಿ ದಿನವೂ ಅಕ್ಕನ ಜೊತೆ ಇಂಟರ್‌ನೆಟ್ ಫೋನಿನಲ್ಲಿ ಮಾತಾಡುತ್ತಾರೆ. ಅದು ಪುಕ್ಕಟೆ. ಆದರೆ ಮನೆಯ ವಿಷಯವೆಲ್ಲ ಕಂಪನಿಯವರ ಕೈ ಸೇರುತ್ತದಂತೆ. ಬಿಡಿಸೋಣವೆಂದರೆ, ಮಗಳ ದನಿ ಕೇಳದೆ ಅವರಿಗೆ ಅನ್ನ ಇಳಿಯುವುದಿಲ್ಲ. ಏನು ಮಾಡಲಿ, ಬುದ್ಧಿ?"

ಗುರುಗಳು ಫೋನನ್ನು ಒಳ್ಳೆಯದೆನ್ನಲಿಲ್ಲ, ಕೆಟ್ಟದೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಕುಂಬಾರಗಿತ್ತಿ ಇದ್ದಳು. ಮಗಳನ್ನು ಗುಡ್ಡದಾಚೆಯ ಊರಿಗೆ ಕೊಟ್ಟಿದ್ದಳು. ಹೋಗಿ ಬರಲು ಇಡೀ ದಿನ ಬೇಕು. ಮಡಕೆ ಬಿಟ್ಟು ಏಳುವಂತಿರಲಿಲ್ಲ.

ಆ ಸೀಮೆಯ ವ್ಯಾಪಾರಿಯೊಬ್ಬ ಒಬ್ಬ ಆಳನ್ನು ಇಟ್ಟ. ಆಳು ದಿನವೂ ಗುಡ್ಡ ದಾಟಿ, ಹೇಳಿದ ಮಾತನ್ನು ಹೇಳಿದ ಹಾಗೆಯೇ ಮುಟ್ಟಿಸುತ್ತಿದ್ದ. ಒಂದು ಹಿಡಿ ಕಾಳನ್ನೂ ಕೇಳುತ್ತಿರಲಿಲ್ಲ. ಸಂಜೆ ಅಂಗಡಿಗೆ ಹೋಗಿ ಆ ಮಾತುಗಳನ್ನೆಲ್ಲ ಒಡೆಯನಿಗೂ ಒಪ್ಪಿಸುತ್ತಿದ್ದ. ಅದು ಎಲ್ಲರಿಗೂ ಗೊತ್ತಿತ್ತು. ಯಾರೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ತಾಯಿ ಮಗಳು ಸಾರಿನ ಉಪ್ಪು ಹುಳಿಯನ್ನೂ ಹೇಳಿ ಕಳಿಸುತ್ತಿದ್ದರು.

ಮಗಳಿಗೆ ಎರಡು ಸಲ ಬಸಿರು ಇಳಿದುಹೋಗಿತ್ತು. ಮತ್ತೆ ಬಸಿರಾದಾಗ ಹೆದರಿದಳು. ನಾಲ್ಕು ತಿಂಗಳು ತುಂಬುವವರೆಗೆ ಅತ್ತೆಗೂ ಹೇಳುವುದು ಬೇಡವೆಂದುಕೊಂಡು, ತಾಯಿಗೊಬ್ಬಳಿಗೇ ಸುದ್ದಿ ಕಳಿಸಿದಳು. ಆಳು ಅದನ್ನೂ ಮುಟ್ಟಿಸಿದ.

ಎಂಟು ದಿನಕ್ಕೆ ವ್ಯಾಪಾರಿ ಮಾರಲೆಂದು ತೊಟ್ಟಿಲು ಹೊರಿಸಿಕೊಂಡು ಮಗಳ ಬಾಗಿಲಿಗೆ ಬಂದ. ಅತ್ತೆ ತೊಟ್ಟಿಲು ನೋಡಿದಳು, ಸೊಸೆಯ ಮುಖ ನೋಡಿದಳು. "ನಮಗಿಂತ ಮೊದಲು ಅಂಗಡಿಯವನಿಗೆ ಹೇಳಿದೆಯಾ, ಮಹಾತಾಯಿ?" ಎಂದಳು. ಆಮೇಲೆ ಒಂದು ತಿಂಗಳು ಆ ಮನೆಯಲ್ಲಿ ಅವಳನ್ನು ಯಾರೂ ಮಾತಾಡಿಸಲಿಲ್ಲ.

ಸುದ್ದಿ ತಿಳಿದು ಕುಂಬಾರಗಿತ್ತಿ ಅಂಗಡಿಗೆ ಹೋಗಿ ದಬಾಯಿಸಿದಳು. ವ್ಯಾಪಾರಿ ನಿಜವಾಗಿಯೂ ನೊಂದುಕೊಂಡ. "ನಾನು ಯಾರಿಗೂ ಹೇಳಲಿಲ್ಲಮ್ಮ. ತೊಟ್ಟಿಲು ತೋರಿಸಿದೆ, ಅಷ್ಟೆ. ಆಳಿನ ಹೊಟ್ಟೆ ತುಂಬಬೇಡವೆ?" ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅವಳು ಮನೆಗೆ ಬಂದು ಬಹಳ ಹೊತ್ತು ಮಣ್ಣು ಮುಟ್ಟದೆ ಕೂತಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ರೇವಣಯ್ಯನಿಗೆ ತನ್ನ ತಾಯಿಯ ಮುಖ ಕಣ್ಣ ಮುಂದೆ ಬಂತು. ಕುಂಬಾರಗಿತ್ತಿ ಆಳನ್ನು ಬಿಟ್ಟುಬಿಟ್ಟಳೆ ಎಂದು ಮೆಲ್ಲಗೆ ಕೇಳಿದ.

"ಇಲ್ಲ. ಆಮೇಲಿನ ಒಂದು ವರ್ಷದಲ್ಲಿ ಆಳಿನ ಕೈಲಿ ಹೇಳಿ ಕಳಿಸಿದ್ದು ಮುನ್ನೂರ ಅರವತ್ತೆರಡು ದಿನ, ಗುಟ್ಟಿನ ಮಾತಿದ್ದಾಗ ತಾನೇ ಗುಡ್ಡ ಹತ್ತಿದ್ದು ಮೂರು ದಿನ."