ಕುಂಕುಮ ಹಚ್ಚಿದ ಬ್ಯಾಟರಿ

"ಗುರುಗಳೇ, ತನ್ನ ತಪ್ಪನ್ನು ತಾನೇ ಕಂಡುಕೊಂಡು ತಾನೇ ಸರಿಪಡಿಸಿದವನು ಅದನ್ನು ಮತ್ತೊಬ್ಬರ ಮುಂದೆ ಹೇಳಲೇಬೇಕೆ?"

ಕೇಳಿದವನು ಮಠದ ಔಷಧಿ ಕೋಣೆ ನೋಡಿಕೊಳ್ಳುವ ಶಿಷ್ಯ. ಬೇರು, ತೊಗಟೆ ಕುಟ್ಟಿ ಪುಡಿ ಮಾಡಿ ಬಂದವರಿಗೆ ಕೊಡುವುದು ಅವನ ಕೆಲಸ. ಅವನ ದನಿಯಲ್ಲಿ ಸಂದೇಹಕ್ಕಿಂತ ಅಸಮಾಧಾನವೇ ಹೆಚ್ಚಾಗಿತ್ತು. ಗುರುಗಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಚಾಲಕನಿದ್ದ. ಸ್ವಂತದ್ದೊಂದು ಹಳೆಯ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದ. ಅವನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ ಅವನ ಜೊತೆಯಲ್ಲೇ ಇದ್ದಳು. ಅವಳ ಮೂತ್ರಪಿಂಡಗಳು ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ಸರದಿ ತಪ್ಪಿದರೆ ಕಾಲು ಊದುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ. ಚಾಲಕ ಎಂಥ ಬಾಡಿಗೆಯನ್ನು ಬಿಟ್ಟರೂ ಅಕ್ಕನ ಸರದಿ ಬಿಟ್ಟವನಲ್ಲ.

ಆಯುಧಪೂಜೆ ಬಂತು. ಚಾಲಕ ಕಾರು ತೊಳೆದು, ಬಾಳೆಕಂದು ಕಟ್ಟಿ, ಬಾನೆಟ್ ಎತ್ತಿ ಇಂಜಿನ್ನಿಗೂ ಬ್ಯಾಟರಿಗೂ ಕುಂಕುಮ ಹಚ್ಚಿದ. ಅನ್ನ ಕೊಡುವ ಗಾಡಿಗೆ ಕುಂಕುಮ ಇಡುವಾಗ ಯಾರೂ ಕೈ ಬಿಗಿಹಿಡಿಯುವುದಿಲ್ಲ. ಬ್ಯಾಟರಿಯ ಎರಡು ತುದಿಗಳೂ ಕೆಂಪಾದವು. ಪ್ಲಸ್ ಯಾವುದು, ಮೈನಸ್ ಯಾವುದು ಎಂಬ ಗುರುತು ಮುಚ್ಚಿಹೋಯಿತು. ಪೂಜೆಯ ಸಡಗರದಲ್ಲಿ ಅವನು ಕಾರಿನ ದೀಪ ಆರಿಸುವುದನ್ನೂ ಮರೆತ. ವಿಜಯದಶಮಿಯ ಬೆಳಗ್ಗೆ ಕೀ ತಿರುಗಿಸಿದರೆ ಕಾರು ಉಸಿರೆತ್ತಲಿಲ್ಲ.

ಅಕ್ಕ ಆಗಲೇ ಹಿಂದಿನ ಸೀಟಿನಲ್ಲಿ ಕುಳಿತಿದ್ದಳು. ಹಬ್ಬದ ದೆಸೆಯಿಂದ ಅವಳ ಸರದಿ ಒಂದು ದಿನ ಮುಂದಕ್ಕೆ ಹೋಗಿತ್ತು. ಪಾದ ಚಪ್ಪಲಿಯೊಳಗೆ ಹಿಡಿಸುತ್ತಿರಲಿಲ್ಲ. ಮಾತನಾಡಿದರೆ ಏದುಸಿರು ಬರುತ್ತಿತ್ತು.

ಎದುರು ಮನೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಕರೆದರೂ ಬರುವವನು, ಕರೆಯದಿದ್ದರೂ ಬರುವವನು. ಒಂದು ಬ್ಯಾಟರಿಯಿಂದ ಇನ್ನೊಂದಕ್ಕೆ ಕರೆಂಟು ಕೊಡುವ ದಪ್ಪ ವೈರುಗಳನ್ನು ಸದಾ ಕಾರಿನಲ್ಲಿ ಇಟ್ಟುಕೊಂಡಿರುತ್ತಿದ್ದ. ಬೀದಿಯಲ್ಲಿ ಯಾರ ಗಾಡಿ ಕೆಟ್ಟು ನಿಂತರೂ ಅವನಿಗೆ ಒಳಗೊಳಗೇ ಖುಷಿ. ಆ ವೈರುಗಳನ್ನು ಮಾತ್ರ ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅವತ್ತೂ ತನ್ನ ಕಾರನ್ನು ತಂದು ಪಕ್ಕದಲ್ಲಿ ನಿಲ್ಲಿಸಿದ, ಚಾಲಕನಿಗೆ ಸ್ಟೇರಿಂಗಿನ ಮುಂದೆ ಹೋಗಿ ಕೂರು ಎಂದ. ಕುಂಕುಮ ಒರೆಸಿ ಗುರುತು ನೋಡಿ ಜೋಡಿಸಿ ಎಂದು ಚಾಲಕ ಹೇಳಿದ. ಹಬ್ಬದ ದಿನ ಗಾಡಿಯ ಕುಂಕುಮ ಒರೆಸುವುದುಂಟೇ, ನನಗೆ ಗೊತ್ತಿಲ್ಲದ ಬ್ಯಾಟರಿಯೇ ಎಂದು ವ್ಯಾಪಾರಿ ಅವನ ಬಾಯಿ ಮುಚ್ಚಿಸಿದ. ತನ್ನ ಕಾರಿನಲ್ಲಿ ಪ್ಲಸ್ ಎಡಕ್ಕಿದೆ, ಇದರಲ್ಲೂ ಎಡಕ್ಕೇ ಇರಬೇಕು ಎಂದುಕೊಂಡು ಕೆಂಪು ವೈರನ್ನು ಎಡಕ್ಕೆ ಸಿಕ್ಕಿಸಿದ, ಕಪ್ಪನ್ನು ಬಲಕ್ಕೆ.

ಎತ್ತಿದ ಬಾನೆಟ್ ಅಡ್ಡವಿದ್ದುದರಿಂದ ಚಾಲಕನಿಗೆ ಏನೂ ಕಾಣಲಿಲ್ಲ. ಚಟ್ಟೆಂದು ಸದ್ದಾಯಿತು. ಸುಟ್ಟ ವಾಸನೆ ಬಂತು.

"ಏನಾಯ್ತು ಸಾಹುಕಾರ್ರೇ?" ಎಂದು ಕೂಗಿ ಕೇಳಿದ.

"ಏನಿಲ್ಲ, ಕ್ಲಿಪ್ಪು ಸಡಿಲ ಇತ್ತು. ಈಗ ಕೀ ತಿರುಗಿಸು."

ಅಷ್ಟರಲ್ಲಿ ವ್ಯಾಪಾರಿ ವೈರುಗಳನ್ನು ಅದಲುಬದಲು ಮಾಡಿ ಸರಿಯಾಗಿ ಸಿಕ್ಕಿಸಿದ್ದ. ಒಂದಷ್ಟು ಹೊತ್ತು ಬ್ಯಾಟರಿ ಕರೆಂಟು ಕುಡಿಯಿತು. ಕಾರು ಸ್ಟಾರ್ಟ್ ಆಯಿತು. ನೆರೆದವರು ವ್ಯಾಪಾರಿಯನ್ನು ಹೊಗಳಿದರು. ಅಕ್ಕ ಒಳಗಿನಿಂದಲೇ ಅವನಿಗೆ ಕೈ ಮುಗಿದಳು. ಅವನು ಆ ನಮಸ್ಕಾರವನ್ನೂ ಸ್ವೀಕರಿಸಿದ!

ಇಲ್ಲಿ ಗುರುಗಳ ದನಿ ಗಡುಸಾಯಿತು. ಶಿಷ್ಯ ತಲೆ ಎತ್ತಿ ನೋಡಿದ. ಗುರುಗಳು ಮುಂದುವರಿಸಿದರು.

ತಿರುಗಾಮುರುಗಾ ಹರಿದ ಕರೆಂಟು ಕಾರಿನ ಆಲ್ಟರ್ನೇಟರನ್ನು ಸುಟ್ಟುಹಾಕಿತ್ತು. ಕಾರು ಓಡುವಾಗ ಬ್ಯಾಟರಿಗೆ ಕರೆಂಟು ತುಂಬುವುದು ಅದೇ. ಅದು ಸತ್ತ ಮೇಲೆ ಬ್ಯಾಟರಿಯಲ್ಲಿ ಇದ್ದಷ್ಟು ಹೊತ್ತು ಓಟ, ಆಮೇಲೆ ಇಲ್ಲ. ಚಾಲಕನ ಎದುರಿಗೆ ಕೆಂಪು ದೀಪವೊಂದು ಆರದೆ ಉರಿಯುತ್ತಲೇ ಇತ್ತು. ಬ್ಯಾಟರಿ ಇನ್ನೂ ತುಂಬಬೇಕಲ್ಲ, ಸ್ವಲ್ಪ ದೂರ ಹೋದರೆ ಆರುತ್ತದೆ ಎಂದುಕೊಂಡ. ಏನೂ ಆಗಿಲ್ಲ ಎಂದು ತಿಳಿದವರೇ ಹೇಳಿದ ಮೇಲೆ ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಾರೆ.

ಊರು ದಾಟಿ ಬಹಳ ದೂರ ಬಂದಿದ್ದರು. ಹಾರನ್ ಸದ್ದು ಸಣ್ಣಗಾಯಿತು. ಇಂಜಿನ್ ಒಂದೆರಡು ಸಲ ಮುಗ್ಗರಿಸಿ ನಿಂತುಹೋಯಿತು. ಹಬ್ಬದ ದಿನ, ಲಾರಿಗಳಿಲ್ಲ, ಬಸ್ಸುಗಳು ಅಪರೂಪ. ಬಂದ ಒಂದೊಂದು ಗಾಡಿಯೂ ಹೂವಿನ ಹಾರ ಹಾಕಿಕೊಂಡು, ಮಂದಿ ತುಂಬಿಕೊಂಡು ನಿಲ್ಲದೆ ಹೋಯಿತು. ಚಾಲಕ ರಸ್ತೆಯ ನಡುವೆ ನಿಂತು ಕೈ ಬೀಸಿದ. ಕಾರಿನೊಳಗೆ ಅಕ್ಕನ ತುಟಿ ನೀಲಿಗಟ್ಟುತ್ತಿತ್ತು. ನನ್ನನ್ನು ಕೂರಿಸು, ಮಲಗಿದರೆ ಉಸಿರು ನಿಲ್ಲುತ್ತೆ ಎನ್ನುತ್ತಿದ್ದಳು. ಅವಳು ಕುಳಿತೇ ಇದ್ದಳು, ಅದೂ ಅವಳಿಗೆ ತಿಳಿಯುತ್ತಿರಲಿಲ್ಲ. ಕೊನೆಗೆ ಒಂದು ಸಾಮಾನು ಸಾಗಿಸುವ ಆಟೋ ನಿಂತಿತು. ಹಿಂದಿನ ಹಲಗೆಯ ಮೇಲೆ ಅವಳನ್ನು ಎದೆಗೆ ಒರಗಿಸಿಕೊಂಡು ಆಸ್ಪತ್ರೆ ಸೇರಿದ. ಉಸಿರಾಡಲು ಯಂತ್ರ ಹಾಕಬೇಕಾಯಿತು. ಅಕ್ಕ ಬದುಕಿದಳು. ಬದುಕಿದ್ದು ಆ ಆಟೋದವನ ದಯೆಯಿಂದ, ವ್ಯಾಪಾರಿಯ ಉಪಕಾರದಿಂದ ಅಲ್ಲ.

ಕಾರು ಬಿಚ್ಚಿ ನೋಡಿದ ಮೆಕ್ಯಾನಿಕ್ ವೈರು ಉಲ್ಟಾ ಕೊಟ್ಟಿದ್ದಾರೆ ಎಂದ. ಚಾಲಕನ ಮೈಯೆಲ್ಲ ಉರಿದುಹೋಯಿತು. ನೇರವಾಗಿ ಪಾತ್ರೆ ಅಂಗಡಿಗೆ ಹೋದ. ನಿಜಾಂಶ ಬಾಯಿಬಿಡಿಸುವುದು ಕಷ್ಟವಾಗಲಿಲ್ಲ. ಆದರೆ ವ್ಯಾಪಾರಿ ತಗ್ಗಲಿಲ್ಲ, ತಾನೇ ಸಿಟ್ಟಾದ. ಹಬ್ಬದ ಕೆಲಸ ಬಿಟ್ಟು ಬಂದವನಿಗೆ ಇದೇ ಮರ್ಯಾದೆಯೇ ಎಂದ. ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು ಹೆಚ್ಚುಕಮ್ಮಿ ಆಯಿತು, ತಕ್ಷಣ ನಾನೇ ಸರಿ ಮಾಡಿದೆನಲ್ಲ ಎಂದ. ಕುಂಕುಮ ಮೆತ್ತಿದವನು ನೀನೇ ತಾನೇ ಎಂದೂ ಹೇಳಿಬಿಟ್ಟ.

ಚಾಲಕನಿಗೆ ಬಂದ ಕೋಪಕ್ಕೆ ತಟ್ಟೆಗಳ ಸಾಲನ್ನು ಬೀದಿಗೆ ಎಳೆದು ಹಾಕಬೇಕೆನಿಸಿತು. ಕೈಯನ್ನು ಹೇಗೋ ತಡೆದುಕೊಂಡ.

"ಕುಂಕುಮ ಇಟ್ಟೋನು ನಾನೇ, ದೀಪ ಮರೆತೋನೂ ನಾನೇ. ನೀವು ವೈರು ತಪ್ಪಾಗಿ ಕೊಟ್ರಿ ಅಂತ ನಾನು ಬಂದಿಲ್ಲ ಸಾಹುಕಾರ್ರೇ. ಏನಾಯ್ತು ಅಂತ ಕೇಳಿದ್ನಲ್ಲ, ಆಗ ಹೇಳಿದ್ದಿದ್ರೆ ಅಕ್ಕನ್ನ ನಿಮ್ಮ ಕಾರಲ್ಲೇ ಕೂರಿಸ್ಕೊಂಡು ಹೋಗ್ತಿದ್ದೆ. ಅದು ಪಕ್ಕದಲ್ಲೇ ಸ್ಟಾರ್ಟಾಗಿ ನಿಂತಿತ್ತು."

ಇಷ್ಟು ಹೇಳಿ ಚಾಲಕ ಅಲ್ಲಿಂದ ಹೊರಟುಬಂದ.

ಗುರುಗಳು ಕತೆ ನಿಲ್ಲಿಸಿದರು. ವ್ಯಾಪಾರಿ ಮಾಡಿದ್ದು ಅನ್ಯಾಯವೇ ಎಂದು ಶಿಷ್ಯ ಒಪ್ಪಿಕೊಂಡ. ಅಂಥವನನ್ನು ಕಂಡರೆ ತನಗೂ ಮೈ ಉರಿಯುತ್ತದೆ ಎಂದ.

"ಆದರೆ ನನ್ನದು ಅಂಥದ್ದಲ್ಲ ಗುರುಗಳೇ. ನಿನ್ನೆ ಪುಡಿ ಬೆರೆಸುವಾಗ ಪಕ್ಕದ ಡಬ್ಬಿಯದು ಕೈತಪ್ಪಿ ಅದರೊಳಗೆ ಬಿತ್ತು, ಅಷ್ಟೆ. ಕಂಡ ಕೂಡಲೇ ಮೇಲಿನದನ್ನೆಲ್ಲ ಬಳಿದು ತೆಗೆದುಹಾಕಿದೆ. ಸರಿಹೋದದ್ದನ್ನು ಹೇಳಿ ಬೈಸಿಕೊಳ್ಳುವುದೇಕೆ?"

ಗುರುಗಳು ಕೇಳಿದರು: "ಆ ಪುಡಿಯ ಪೊಟ್ಟಣ ಹಿಡಿದುಕೊಂಡು ಇವತ್ತು ಬೆಳಗ್ಗೆ ಇಲ್ಲಿಂದ ಹೋದವರು ಯಾರು?"