ಹನುಮಕ್ಕನ ‘ಬೇಡ’, ಹನುಮಕ್ಕನ ‘ಬೇಕು’

ಹಿರಿಯೂರಿನಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟುಕೊಂಡಿದ್ದ ಮೈಲಾರಪ್ಪನಿಗೆ ಒಂದು ವರ್ಷ ವ್ಯಾಪಾರ ಜೋರಾಗಿ ಆಯಿತು. ಮೋಟಾರು ಕಂಪನಿಯವರು ಖುಷಿಯಾಗಿ, “ಗಂಡ ಹೆಂಡತಿ ಇಬ್ಬರೂ ಒಂದು ವಾರ ಇಟಲಿಗೆ ಹೋಗಿ ಬನ್ನಿ” ಅಂತ ಟಿಕೆಟ್ಟು ಕೊಟ್ಟರು. ಮೈಲಾರಪ್ಪ ಮನೆಗೆ ಬಂದು ಹೆಂಡತಿ ಹನುಮಕ್ಕನನ್ನು ಕೇಳಿದ, “ಏನೇ, ಹೋಗೋಣವಾ?”

“ನಂದೇನಿದೆ, ನಿಮ್ಮಿಷ್ಟ” ಅಂದಳು ಹನುಮಕ್ಕ.

ಅಲ್ಲಿಗೆ ಆ ಮಾತು ಮುಗಿಯಿತು. ಮಕ್ಕಳೇ, ಈ ‘ನಿಮ್ಮಿಷ್ಟ’ ಅನ್ನೋ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತೆ.

ಅವರು ಹೋಗಿ ಇಳಿದದ್ದು ದೊಡ್ಡ ಪಟ್ಟಣದಲ್ಲಲ್ಲ, ಗುಡ್ಡಗಳ ನಡುವಿನ ಒಂದು ತೋಟದ ಮನೆಯಲ್ಲಿ. ಆ ಕಡೆ ಎಷ್ಟೋ ರೈತರು ಮನೆಯ ಕೋಣೆಗಳನ್ನು ಪ್ರವಾಸಿಗಳಿಗೆ ಬಾಡಿಗೆಗೆ ಕೊಡುತ್ತಾರೆ. ಅಲ್ಲೇ ಇರೋದು, ಅಲ್ಲೇ ಉಣ್ಣೋದು, ಬೆಳಗ್ಗೆ ಎದ್ದು ಸುತ್ತಲ ಹಳ್ಳಿಗಳನ್ನು ನೋಡಿಕೊಂಡು ಸಂಜೆಗೆ ವಾಪಸ್ಸು ಬರೋದು. ಮನೆಯ ಯಜಮಾನಿ ಲೊರೆದಾನ. ಅಡುಗೆಯವಳೂ ಅವಳೇ, ಊರು ತೋರಿಸೋ ವ್ಯಾನಿನ ಡ್ರೈವರೂ ಅವಳೇ. ಅವಳ ಮುದಿ ತಾಯಿ ಅಸ್ಸುಂತಾ ಇಡೀ ದಿನ ಅಂಗಳದ ಅಂಜೂರದ ಮರದ ಕೆಳಗೆ ಕೂತು ಹುರುಳಿಕಾಯಿ ಸುಲಿಯುತ್ತಿದ್ದಳು. ಹನುಮಕ್ಕ ಅವಳನ್ನು ಮೊದಲ ದಿನವೇ ‘ಅಸ್ಸುಂತಜ್ಜಿ’ ಮಾಡಿಬಿಟ್ಟಳು. ಒಬ್ಬರ ಭಾಷೆ ಒಬ್ಬರಿಗೆ ಬರದಿದ್ದರೂ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಲೊರೆದಾನಳಿಗೆ ಹರಕುಮುರುಕು ಇಂಗ್ಲಿಷ್ ಬರುತ್ತಿತ್ತು. ನಮ್ಮವರದೂ ಅದೇ ಅಂಗಡಿಯ ಮಾಲು, ಹಾಗಾಗಿ ಮಾತುಕತೆ ಸಲೀಸಾಗಿ ನಡೆಯಿತು.

ಈ ಲೊರೆದಾನಳ ಮಾತು ಕಡ್ಡಿ ಮುರಿದ ಹಾಗೆ. ಏನನ್ನೇ ಆದರೂ ಒಂದೇ ಸಲ ಕೇಳುವವಳು. ಹಿಂದೆ ಅವಳು ಹಾಗಿರಲಿಲ್ಲವಂತೆ. ಯಾರೋ ಒಬ್ಬ ಅತಿಥಿಗೆ “ಇನ್ನೊಂಚೂರು ಹಾಕ್ಕೊಳ್ಳಿ, ಹಾಕ್ಕೊಳ್ಳಿ” ಅಂತ ಬಲವಂತ ಮಾಡಿದ್ದಕ್ಕೆ, ಆ ಮಹಾರಾಯ “ಬೇಡ ಅಂದ್ರೆ ಬೇಡ, ಕಿವಿ ಕೇಳಲ್ವಾ?” ಅಂತ ಎಲ್ಲರೆದುರು ರೇಗಿದನಂತೆ. ಅವತ್ತೇ ಅವಳು ತೀರ್ಮಾನ ಮಾಡಿದಳು, ಇನ್ನು ಯಾರನ್ನೂ ಎರಡನೇ ಸಲ ಕೇಳುವುದಿಲ್ಲ ಅಂತ.

ಇನ್ನು ನಮ್ಮವರ ಸಂಗತಿ ನಿಮಗೇ ಗೊತ್ತಲ್ಲ. ಯಾರದಾದರೂ ಮನೆಗೆ ಹೋದಾಗ “ಊಟಕ್ಕೇಳಿ” ಅಂದರೆ ಮೊದಲನೇ ಸಲಕ್ಕೆ “ಈಗ ತಾನೇ ಆಯ್ತು” ಅನ್ನಬೇಕು, ಹೊಟ್ಟೆ ತಾಳ ಹಾಕುತ್ತಿದ್ದರೂ ಸರಿ. ಎರಡನೇ ಸಲಕ್ಕೆ “ಅಯ್ಯೋ, ನಿಮಗ್ಯಾಕೆ ಸುಮ್ಮನೆ ತೊಂದರೆ.” ಮೂರನೇ ಸಲಕ್ಕೆ “ನೀವು ಇಷ್ಟೊಂದು ಹೇಳ್ತೀರಿ ಅಂತ…” ಅನ್ನುತ್ತಾ ಕೂರಬೇಕು. ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ. ಆದರೆ ಬೆರಳ ಸಂದಿ ಮಾತ್ರ ಪಾಯಸ ಇಳಿಯುವಷ್ಟು ಬಿಟ್ಟಿರುತ್ತೇವೆ! ನಗಬೇಡಿ, ನಿಮ್ಮ ಮನೆಯಲ್ಲೂ ಇದೇ ನಡೆಯೋದು.

ಮೊದಲ ದಿನದ ಊಟಕ್ಕೆ ಲೊರೆದಾನ ಟೊಮೆಟೊ ಹಾಕಿ ಮಾಡಿದ ಪಾಸ್ತಾ ತಂದಳು. ಘಮ ಅಂದರೆ ಘಮ. ಮೈಲಾರಪ್ಪ ಒಂದು ತಟ್ಟೆ ಚಪ್ಪರಿಸಿಕೊಂಡು ತಿಂದ. ಅವಳು ಮತ್ತೆ ಬಂದು “ಇನ್ನಷ್ಟು?” ಅಂದಳು. ಮೈಲಾರಪ್ಪ ತಟ್ಟೆಗೆ ಕೈ ಅಡ್ಡ ಹಿಡಿದು, “ಸಾಕು ಸಾಕು” ಅಂದ. ಅವಳು “ಸರಿ” ಅಂದು ಪಾತ್ರೆ ಎತ್ತಿಕೊಂಡು ಹೊರಟೇಹೋದಳು.

“ಬರ್ತಾಳೆ ಇರು” ಅಂದ ಮೈಲಾರಪ್ಪ ಹೆಂಡತಿಗೆ. ಎಲ್ಲಿ ಬರ್ತಾಳೆ? ಪಕ್ಕದ ಮೇಜಿನ ಜರ್ಮನಿಯ ದಂಪತಿ ಕೇಳಿ ಕೇಳಿ ಹಾಕಿಸಿಕೊಂಡು ಪಾತ್ರೆ ಬರಿದು ಮಾಡಿದರು. ನಮ್ಮ ಗಂಡ ಹೆಂಡತಿ ಕೋಣೆಗೆ ಹೋಗಿ, ಊರಿಂದ ತಂದಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಬಿಚ್ಚಿದರು.

ಮರುದಿನ ಗುಡ್ಡದ ತುದಿಯ ಒಂದು ಹಳೇ ಊರಿಗೆ ಹೋದರು. ಕಲ್ಲು ಹಾಸಿದ ಬೀದಿ, ಕಿಟಕಿ ಕಿಟಕಿಗೂ ಹೂವಿನ ಕುಂಡ. ಲೊರೆದಾನ ಎಲ್ಲರಿಗೂ ಐಸ್‌ಕ್ರೀಮ್ ಕೊಡಿಸಲು ಹೊರಟು, “ನಿಮಗೆ?” ಅಂದಳು. ಇಬ್ಬರೂ ಒಂದೇ ಉಸಿರಿಗೆ “ಬೇಡ ಬೇಡ” ಅಂದರು. ಉಳಿದವರೆಲ್ಲ ಐಸ್‌ಕ್ರೀಮ್ ನೆಕ್ಕುತ್ತಿದ್ದರೆ ಇವರು ಚರ್ಚಿನ ಗೋಡೆ ನೋಡುತ್ತಾ ನಿಂತರು. ಅದರಾಚೆ ದಿನ ಕೆರೆಗೆ ಹೋದರು. “ದೋಣಿಯಲ್ಲಿ ಕೂರ್ತೀರಾ?” “ಅಯ್ಯೋ, ಪರವಾಗಿಲ್ಲ ಬಿಡಿ.” ಜರ್ಮನಿಯವರು ದೋಣಿಯಲ್ಲಿ ಕೆರೆಯ ನಡುವಿನ ದ್ವೀಪಕ್ಕೆ ಹೋಗಿ ಬರುವ ತನಕ ಇವರು ದಡದಲ್ಲಿ ಅವರ ಬ್ಯಾಗು ಕಾದರು!

“ಎಂಥಾ ಜನನಪ್ಪಾ ಇವರು! ಒಂದು ಉಪಚಾರ ಅನ್ನೋದು ಗೊತ್ತಿಲ್ಲ” ಅಂತ ಕೋಣೆಯಲ್ಲಿ ಮೈಲಾರಪ್ಪ ಗೊಣಗಿದ. ಅತ್ತ ಅಡುಗೆಮನೆಯಲ್ಲಿ ಲೊರೆದಾನ ತಾಯಿಯ ಹತ್ತಿರ, “ಪಾಪ, ಅಷ್ಟು ದೂರದಿಂದ ಬಂದಿದ್ದಾರೆ. ಅವರಿಗೆ ನಮ್ಮದು ಯಾವುದೂ ಹಿಡಿಸಲೇ ಇಲ್ಲ” ಅಂತ ಬೇಜಾರು ಮಾಡಿಕೊಳ್ಳುತ್ತಿದ್ದಳು. ಅಷ್ಟು ಹೊತ್ತಿಗೆ ಚಟ್ನಿಪುಡಿಯೂ ಖಾಲಿಯಾಗಿತ್ತು.

ಇಲ್ಲಿಯವರೆಗೆ ನಗುವ ಮಾತು. ಇನ್ನು ಮುಂದಿನದು ಹನುಮಕ್ಕನ ಹೊಟ್ಟೆಯೊಳಗಿನ ಮಾತು.

ಊಟದ ಕೋಣೆಯ ಗೋಡೆಯಲ್ಲಿ ಒಂದು ಫೋಟೋ ಇತ್ತು. ಊರ ನಡುವೆ ಹಾದು ಬರುವ ದೊಡ್ಡ ಕುರಿ ಮಂದೆ, ಕುರಿಗಳ ಕೊರಳಲ್ಲಿ ಗಂಟೆ, ಹೆಗಲ ಮೇಲೆ ಮರಿ ಹೊತ್ತ ಕುರಿಗಾಹಿ. ಹನುಮಕ್ಕ ಬಂದ ದಿನದಿಂದ ಹೋಗ್ತಾ ಬರ್ತಾ ಅದರ ಮುಂದೆ ನಿಲ್ಲುತ್ತಿದ್ದಳು. ಅವಳು ಕುರುಬರ ಮನೆಯ ಮಗಳು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಮಂದೆಯ ಹಿಂದೆ ಊರೂರು ನಡೆದವಳು, ಹೊಲದಲ್ಲಿ ಕುರಿ ತರುಬಿ ಕಂಬಳಿ ಹೊದ್ದು ಮಲಗಿದವಳು. ಅವಳ ಮದುವೆಯಾದ ಮೇಲೆ ಅಪ್ಪ ಮಂದೆ ಮಾರಿಬಿಟ್ಟ. ಆಮೇಲೆ ಅವಳ ಪಾಲಿಗೆ ಉಳಿದದ್ದು ಮೋಟಾರು ಸುಡುವ ವಾಸನೆ ಒಂದೇ.

ಬುಧವಾರ ಬೆಳಗ್ಗೆ ತಿಂಡಿ ಹೊತ್ತಿಗೆ ಲೊರೆದಾನ ಹೇಳಿದಳು, “ನಾಳೆ ಬೆಟ್ಟದ ಮೇಲಿಂದ ಮಂದೆ ಇಳಿದು ಬರುತ್ತೆ. ಚಳಿಗಾಲಕ್ಕೆ ಬಯಲಿಗೆ ಹೋಗುತ್ತೆ. ವರ್ಷಕ್ಕೆ ಒಂದೇ ದಿನ ಇದು. ವ್ಯಾನಿನಲ್ಲಿ ನಾಲ್ಕು ಜನಕ್ಕೆ ಜಾಗ ಇದೆ. ಯಾರು ಬರ್ತೀರಿ?”

ಜರ್ಮನಿಯವರು ತಕ್ಷಣ ಕೈ ಎತ್ತಿದರು. ಲೊರೆದಾನ ಹನುಮಕ್ಕನ ಕಡೆ ತಿರುಗಿದಳು. ಹನುಮಕ್ಕನ ಕಣ್ಣು ಗೋಡೆಯ ಫೋಟೋ ಕಡೆ ಹೋಯಿತು. ಆದರೆ ಬಾಯಿ ಇದೆಯಲ್ಲ, ಅದಕ್ಕೆ ಹುಟ್ಟಿದಾಗಿನ ಅಭ್ಯಾಸ. “ಅಯ್ಯೋ, ನಿಮಗ್ಯಾಕೆ ತೊಂದರೆ. ಬೇಡ ಬಿಡಿ” ಅಂದುಬಿಟ್ಟಿತು.

“ಸರಿ” ಅಂದಳು ಲೊರೆದಾನ. ಅಲ್ಲೇ ಫೋನ್ ತೆಗೆದು ಪಕ್ಕದ ತೋಟದವರಿಗೆ ಆ ಎರಡು ಸೀಟು ಕೊಟ್ಟೇಬಿಟ್ಟಳು.

ಹನುಮಕ್ಕ ಎದ್ದು ಅಂಗಳಕ್ಕೆ ಹೋದಳು. ಅಂಜೂರದ ಮರದ ಹಿಂದೆ ನಿಂತು, ಸೆರಗು ಬಾಯಿಗೆ ಹಿಡಿದು ಅತ್ತಳು. ಅಸ್ಸುಂತಜ್ಜಿ ನೋಡಿದಳು. ಒಂದು ಹಣ್ಣು ಅಂಜೂರ ಕಿತ್ತು ಅವಳ ಮುಂದೆ ಹಿಡಿದಳು. ಹನುಮಕ್ಕ ಕೈ ಆಡಿಸಿ ಬೇಡ ಅಂದಳು. ಅಜ್ಜಿ ಮತ್ತೆ ಹಿಡಿದಳು. ಹನುಮಕ್ಕ ತಲೆ ಅಲ್ಲಾಡಿಸಿದಳು. ಅಜ್ಜಿ ಮೂರನೇ ಸಲ ಹಣ್ಣನ್ನು ಅವಳ ಅಂಗೈಗೇ ಒತ್ತಿದಳು. ಹನುಮಕ್ಕ ಅಳುತ್ತಲೇ ಗಬಕ್ಕನೆ ತಿಂದಳು.

ಅಜ್ಜಿಗೆ ನಗು ತಡೆಯಲಾಗಲಿಲ್ಲ. ಚಪ್ಪಾಳೆ ತಟ್ಟಿ ಮಗಳನ್ನು ಕೂಗಿದಳು. ಲೊರೆದಾನ ಓಡಿ ಬಂದಳು, ಅವಳ ಹಿಂದೆ ಮೈಲಾರಪ್ಪನೂ ಬಂದ. ಅಜ್ಜಿ ತನ್ನ ಭಾಷೆಯಲ್ಲಿ ಮಗಳಿಗೆ ಸರಿಯಾಗಿ ಮಂಗಳಾರತಿ ಎತ್ತಿದಳು. ಲೊರೆದಾನ ಕೆಂಪಗಾಗಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು: “ಅಮ್ಮ ಬೈತಿದಾಳೆ. ಇವರು ಬೇಡ ಅನ್ನೋದು ನಾವು ಹಿಂದೆ ಬೇಡ ಅಂತಿದ್ದ ಹಾಗೇ, ಅಷ್ಟೂ ತಿಳಿಯಲಿಲ್ವಾ ನಿನಗೆ ಅಂತಾಳೆ. ಅಮ್ಮ ಚಿಕ್ಕವಳಿದ್ದಾಗ ಇಲ್ಲೂ ಮೊದಲ ಸಲಕ್ಕೇ ಹೂಂ ಅಂದರೆ ಹೊಟ್ಟೆಬಾಕ ಅಂತಿದ್ದರಂತೆ. ಅಲ್ಲಾ, ಬೇಕಿದ್ದರೆ ಬೇಡ ಅಂತ ಯಾಕೆ ಅಂದಿರಿ?”

ಮೈಲಾರಪ್ಪ ಹೆಂಡತಿಯ ಮುಖ ನೋಡಿ ಗಾಬರಿಯಾದ. “ನಿನಗೆ ಅಷ್ಟು ಆಸೆ ಇತ್ತಾ? ನನಗಾದರೂ ಒಂದು ಮಾತು ಹೇಳಬಾರದಿತ್ತಾ?”

ಹನುಮಕ್ಕ ಕಣ್ಣೊರೆಸಿಕೊಂಡು ಅಂದಳು, “ನೀವು ಯಾವತ್ತು ಎರಡನೇ ಸಲ ಕೇಳಿದೀರಿ?”

ಅಂಗಡಿಗೆ ಬಂದ ಗಿರಾಕಿಗೆ “ಟೀ ಕುಡೀರಿ, ಇಲ್ಲ ಕುಡೀಲೇಬೇಕು” ಅಂತ ಮೂರು ಮೂರು ಸಲ ಹೇಳುವ ಮನುಷ್ಯ ಈ ಮೈಲಾರಪ್ಪ. ಮನೆಗೆ ಬಂದ ನೆಂಟರ ಕೈ ಹಿಡಿದು ಎಳೆದು ಊಟಕ್ಕೆ ಕೂರಿಸುವವನು. ಕಟ್ಟಿಕೊಂಡ ಹೆಂಡತಿ ಮಾತ್ರ ‘ನಿಮ್ಮಿಷ್ಟ’ ಅಂದಾಗಲೆಲ್ಲ, ‘ಸದ್ಯ, ಒಂದು ತಾಪತ್ರಯ ಕಳೀತು’ ಅಂತ ತನ್ನಿಷ್ಟದಂತೆ ಮಾಡಿಕೊಂಡು ಬಂದಿದ್ದ. ಲೊರೆದಾನಳನ್ನು ಬೈದುಕೊಂಡಿದ್ದೆಲ್ಲ ಅವನಿಗೇ ವಾಪಸ್ಸು ಬಂತು. ಅವನಿಗೆ ನಿಜವಾಗಿ ನಾಚಿಕೆಯಾಯಿತು.

ಈಗ ಏನು ಮಾಡೋದು? ವ್ಯಾನಿನಲ್ಲಿ ಸೀಟಿಲ್ಲ. ಕೊಟ್ಟದ್ದನ್ನು ಕಿತ್ತುಕೊಳ್ಳುವಂತಿಲ್ಲ. ಮೈಲಾರಪ್ಪ ಅಂಗಳದ ಸುತ್ತ ಕಣ್ಣಾಡಿಸಿದ. ಕೊಟ್ಟಿಗೆ ಪಕ್ಕದಲ್ಲಿ ಟ್ರ್ಯಾಕ್ಟರ್ ನಿಂತಿತ್ತು, ದ್ರಾಕ್ಷಿ ತುಂಬುವ ಟ್ರೇಲರ್ ಸಮೇತ.

“ಇದರಲ್ಲಿ ಹೋಗೋಕಾಗಲ್ವಾ?” ಅಂದ.

ಲೊರೆದಾನ ಕಣ್ಣರಳಿಸಿದಳು. “ಇದರಲ್ಲಾ? ಅತಿಥಿಗಳನ್ನಾ? ತೋಟದ ಹಿಂದಿನ ಬಂಡಿದಾರಿ ಆ ಊರಿಗೇ ಹೋಗುತ್ತೆ, ನಿಜ. ಆದರೆ ನಾನು ವ್ಯಾನ್ ಓಡಿಸಬೇಕಲ್ಲ.”

“ತಾಯಿ, ನಮ್ಮ ಕಡೆ ಮದುವೆ ದಿಬ್ಬಣವೇ ಟ್ರೇಲರ್‌ನಲ್ಲಿ ಹೋಗುತ್ತೆ. ಹಿರಿಯೂರಿನವನಿಗೆ ಟ್ರ್ಯಾಕ್ಟರ್ ಹೊಡೆಯೋದು ಹೇಳಿಕೊಡಬೇಕಾ?”

ಲೊರೆದಾನ ಹನುಮಕ್ಕನ ಎದುರು ಬಂದು ನಿಂತಳು. “ದಾರಿಯೆಲ್ಲ ಧೂಳು. ಮೈಕೈ ನೋಯುತ್ತೆ. ಬೇಗ ಏಳಬೇಕು. ನಿಮಗೆ ಬೇಕಾ, ಬೇಡವಾ?”

ಎಲ್ಲರೂ ಹನುಮಕ್ಕನ ಬಾಯನ್ನೇ ನೋಡಿದರು. ‘ಅಯ್ಯೋ’ ಅನ್ನೋದು ಅವಳ ನಾಲಿಗೆ ತುದಿಗೆ ಬಂದೇಬಿಟ್ಟಿತ್ತು. ಅಂಜೂರದ ಹಿಂದೆಯೇ ಅವಳು ಅದನ್ನೂ ನುಂಗಿದಳು.

“ಬೇಕು!” ಅಂದಳು. ಎಷ್ಟು ಜೋರಾಗಿ ಅಂದಳು ಅಂದರೆ ಅಂಗಳದ ಕೋಳಿಗಳು ದಿಕ್ಕಾಪಾಲಾದವು. ಅವಳು ಕನ್ನಡದಲ್ಲಿ ಅಂದರೂ ಅಲ್ಲಿ ಯಾರಿಗೂ ಅರ್ಥವಾಗದೆ ಉಳಿಯಲಿಲ್ಲ.

ಮರುದಿನ ಮೈಲಾರಪ್ಪ ಟ್ರ್ಯಾಕ್ಟರ್ ಹೊಡೆದ. ಹಿಂದೆ ದ್ರಾಕ್ಷಿ ಬುಟ್ಟಿ ಬೋರಲು ಹಾಕಿಕೊಂಡು ಹನುಮಕ್ಕ ಮತ್ತು ಅಸ್ಸುಂತಜ್ಜಿ ಕೂತರು. ಅಜ್ಜಿ ಕೋಲಿನಲ್ಲಿ ಎಡಕ್ಕೆ ಬಲಕ್ಕೆ ಅಂತ ದಾರಿ ತೋರಿಸಿದಳು. ಆಲಿವ್ ಮರಗಳ ನಡುವೆ, ಒಣಗಿದ ಸೂರ್ಯಕಾಂತಿ ಹೊಲದ ಬದುವಿನ ಮೇಲೆ, ಕುಲುಕಾಡುತ್ತಾ ಹೋದರು. ದಾರಿಬದಿಯ ಬಳ್ಳಿಯಿಂದ ಅಜ್ಜಿ ದ್ರಾಕ್ಷಿ ಗೊಂಚಲು ಕಿತ್ತು ಕೊಟ್ಟಾಗ ಹನುಮಕ್ಕ ಮೊದಲ ಸಲಕ್ಕೇ ಕೈ ಚಾಚಿದಳು.

ಊರು ಮುಟ್ಟುವಷ್ಟರಲ್ಲಿ ಗಂಟೆ ಕೇಳಿಸಿತು. ಮೊದಲು ಬೆಳ್ಳಗಿನ ದೊಡ್ಡ ನಾಯಿಗಳು ಬಂದವು. ಅವುಗಳ ಹಿಂದೆ ಬೀದಿ ತುಂಬಾ ಕುರಿಯೋ ಕುರಿ. ಮನೆಮನೆಯವರು ಬಾಗಿಲಲ್ಲಿ ಬ್ರೆಡ್ಡು ಚೀಸು ಇಟ್ಟುಕೊಂಡು ಕುರಿಗಾಹಿಗಳಿಗೆ ಕೊಡುತ್ತಿದ್ದರು. ಹನುಮಕ್ಕ ಟ್ರೇಲರ್‌ನಲ್ಲಿ ಎದ್ದು ನಿಂತಳು. ಅಪ್ಪ ಮಂದೆ ಕರೆಯುತ್ತಿದ್ದ ಕೂಗು ಅವಳಿಗೇ ಗೊತ್ತಿಲ್ಲದೆ ಗಂಟಲಿಂದ ಹೊರಟಿತು. “ಟ್ರ್ರ್ರ್ರ್… ಹೋಯ್!”

ಒಂದು ಕುರಿಯೂ ತಿರುಗಲಿಲ್ಲ. ಇಟಲಿಯ ಕುರಿ, ಹಿರಿಯೂರಿನ ಕೂಗು ಅದಕ್ಕೇನು ಗೊತ್ತು! ಆದರೆ ಮುದುಕ ಕುರಿಗಾಹಿ ತಿರುಗಿದ. ಟ್ರೇಲರ್ ಮೇಲೆ ಸೀರೆ ಉಟ್ಟು ನಿಂತವಳನ್ನು ನೋಡಿದ. ಹತ್ತಿರ ಬಂದು, ತೋಳಿನಲ್ಲಿದ್ದ ಎಳೇ ಮರಿಯನ್ನು ಮೇಲೆತ್ತಿ ಅವಳ ಮುಂದೆ ಹಿಡಿದ. ಒಂದೇ ಸಲ.

ಹನುಮಕ್ಕನ ಕೈ ಅಭ್ಯಾಸಬಲದಿಂದ ಬೇಡ ಅನ್ನಲು ಎದ್ದಿತು. ಅರ್ಧಕ್ಕೆ ಬಂದ ಕೈಯನ್ನು ಅವಳೇ ಬಗ್ಗಿಸಿ ಮರಿಯನ್ನು ಎತ್ತಿಕೊಂಡಳು. ಎದೆಗೆ ಅವಚಿಕೊಂಡು, ಅದರ ತಲೆ ಮೂಸಿ ನೋಡಿ, “ರೀ, ಅದೇ ವಾಸನೆ ಕಣ್ರೀ!” ಅಂತ ನಗುತ್ತಾ ಅತ್ತಳು. ಮೈಲಾರಪ್ಪ ಕನ್ನಡಕ ತೆಗೆದು ಒರೆಸಿಕೊಂಡ. ಧೂಳು ಅಂದ. ಧೂಳು ಇತ್ತು ಬಿಡಿ, ಇರಲಿಲ್ಲ ಅಂತ ನಾನು ಹೇಳಲ್ಲ.

ಅವತ್ತು ಸಂಜೆ ಊಟಕ್ಕೆ ಲೊರೆದಾನ ಪಾತ್ರೆ ಹಿಡಿದು ಬಂದಳು. ಮೈಲಾರಪ್ಪ ಮೊದಲ ಸಲಕ್ಕೇ “ಹಾಕಿ” ಅಂದ. ಅವಳು ಹಾಕಿ, ತಾಯಿಯ ಕಡೆ ಒಮ್ಮೆ ನೋಡಿ, “ಇನ್ನಷ್ಟು?” ಅಂದಳು. “ಹಾಕಿ.” “ಇನ್ನೊಂಚೂರು?” ಅವನು ಒಂದೇ ಸಲಕ್ಕೆ ಹೇಳಲು ಕಲಿತಿದ್ದ, ಅವಳು ಮೂರು ಸಲ ಕೇಳಲು ಕಲಿತಿದ್ದಳು. ತಟ್ಟೆಯಲ್ಲಿ ಗುಡ್ಡವಾಯಿತು. ಮೈಲಾರಪ್ಪ ಸೊಂಟದ ಬೆಲ್ಟು ಸಡಿಲ ಮಾಡಿಕೊಂಡು ಅಷ್ಟನ್ನೂ ಮುಗಿಸಿದ.

ಊರಿಗೆ ಬಂದ ಮೇಲೆ ಒಂದು ದಿನ ಮೈಲಾರಪ್ಪ ಅಂಗಡಿಯಿಂದ ಬಂದವನೇ ಕೇಳಿದ, “ಏನೇ, ನಿನಗೇನಾದರೂ ಬೇಕಾ?”

“ನಂಗೇನು ಬೇಕು? ಏನೂ ಬೇಡ” ಅಂದಳು ಹನುಮಕ್ಕ, ಒಲೆ ಕಡೆ ಮುಖ ಮಾಡಿಕೊಂಡು. ಹಳೇ ಅಭ್ಯಾಸ ಅಷ್ಟು ಸುಲಭಕ್ಕೆ ಹೋಗುತ್ತಾ?

ಹಿಂದಿನ ಮೈಲಾರಪ್ಪನಾಗಿದ್ದರೆ ಟಿವಿ ಹಾಕಿಕೊಂಡು ಕೂರುತ್ತಿದ್ದ. ಈ ಮೈಲಾರಪ್ಪ ಅಡುಗೆಮನೆಗೇ ಬಂದು ಮಣೆ ಎಳೆದುಕೊಂಡು ಕೂತ. “ಎರಡನೇ ಸಲ ಕೇಳ್ತಿದೀನಿ, ಹೇಳು.”

ಹನುಮಕ್ಕ ತಿರುಗಿ ನೋಡಿದಳು. ನಕ್ಕಳು. “ಎರಡು ಕುರಿಮರಿ ಬೇಕು” ಅಂದಳು.

ಈಗ ನೀವು ಹಿರಿಯೂರಿನ ಆ ಪಂಪ್‌ಸೆಟ್ ಅಂಗಡಿಗೆ ಹೋದರೆ, ಹಿತ್ತಲಲ್ಲಿ ಗಂಟೆ ಕೇಳಿಸುತ್ತೆ. ಎರಡು ಕುರಿಗಳು ಮೋಟಾರಿನ ರಟ್ಟಿನ ಡಬ್ಬ ಅಗಿಯುತ್ತಾ ನಿಂತಿರುತ್ತವೆ. ಒಂದರ ಹೆಸರು ಲೊರೆದಾನ, ಇನ್ನೊಂದರದು ಅಸ್ಸುಂತಾ. ಹನುಮಕ್ಕ “ಟ್ರ್ರ್ರ್… ಹೋಯ್” ಅಂದರೆ ಎರಡೂ ತಿರುಗಿ ನೋಡುತ್ತವೆ.

ನೀತಿ: ಬೇಕಾದವರು ಮೊದಲ ಸಲಕ್ಕೇ ಬಾಯಿ ಬಿಟ್ಟು ಹೇಳಿ. ಕೇಳುವವರು ಒಂದೇ ಸಲಕ್ಕೆ ನಿಲ್ಲಿಸಬೇಡಿ. ಅದರಲ್ಲೂ ಬಂದ ನೆಂಟರನ್ನು ಮೂರು ಸಲ ಕೇಳುವವರು, ಮನೆಯವರನ್ನು ಎರಡನೇ ಸಲವಾದರೂ ಕೇಳಿ.